ಹೊಗೆಗೆ ಹರಾಜು: ಕ್ಯಾಲಿಫೋರ್ನಿಯಾದ ಕಾರ್ಬನ್ ಮಾರುಕಟ್ಟೆ ನಡೆಯುವ ಬಗೆ

ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟಿನಲ್ಲೋ ನಿಮ್ಮ ನೆಂಟರಿದ್ದರೆ, ಅವರ 2025ರ ಏಪ್ರಿಲ್ ತಿಂಗಳ ಕರೆಂಟ್ ಬಿಲ್ ತೋರಿಸಲು ಹೇಳಿ. ಅದರಲ್ಲಿ ಒಂದು ಸಾಲಿನ ಮುಂದೆ ಮೈನಸ್ ಗುರುತು ಇರುತ್ತದೆ. ಹೆಸರು ಕ್ಯಾಲಿಫೋರ್ನಿಯಾ ಕ್ಲೈಮೇಟ್ ಕ್ರೆಡಿಟ್. ಈಚಿನ ವರ್ಷಗಳಲ್ಲಿ ಅದು ಐವತ್ತು, ಅರವತ್ತು ಡಾಲರ್ ಆಸುಪಾಸಿನಲ್ಲಿದೆ. ಅಡುಗೆ ಗ್ಯಾಸಿನ ಬಿಲ್ಲಿನಲ್ಲೂ ಹೀಗೇ ಒಂದಿಷ್ಟು ಕಡಿತ. ಅರ್ಜಿ ಹಾಕುವ ಕೆಲಸವಿಲ್ಲ, ಆದಾಯ ಪ್ರಮಾಣಪತ್ರ ಬೇಕಿಲ್ಲ. ಹೆಚ್ಚಿನವರು ಆ ಸಾಲನ್ನು ಗಮನಿಸುವುದೇ ಇಲ್ಲ. ಗಮನಿಸಿದವರು ಯಾವುದೋ ಸಬ್ಸಿಡಿ ಇರಬೇಕು ಅಂದುಕೊಳ್ಳುತ್ತಾರೆ.

ಅದು ಸಬ್ಸಿಡಿ ಅಲ್ಲ. ಹೊಗೆ ಬಿಡುವ ಹಕ್ಕನ್ನು ಹರಾಜಿಗಿಟ್ಟು ಬಂದ ದುಡ್ಡಿನಲ್ಲಿ ಆ ಮನೆಯ ಪಾಲು. 2014ರಿಂದ ಹೀಗೆ ಬರುತ್ತಿದೆ. ಒಂದು ದೇಶವಲ್ಲ, ನಾಲ್ಕು ಕೋಟಿಗಿಂತ ಕಡಿಮೆ ಜನರಿರುವ ಒಂದು ರಾಜ್ಯ ಸರ್ಕಾರ ಈ ಹರಾಜನ್ನು ನಡೆಸುತ್ತಿದೆ. ಅದೂ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಒಮ್ಮೆ ಸುಮ್ಮನಿದ್ದು, ಒಮ್ಮೆ ಕೋರ್ಟಿಗೆ ಎಳೆದಿರುವಾಗ.

ಹವಾಮಾನದ ಮಾತು ಬಂದರೆ ನಮಗೆ ನೆನಪಾಗುವುದು ಪ್ಯಾರಿಸ್ ಒಪ್ಪಂದ, ಪ್ರಧಾನಿಗಳ ಭಾಷಣ. ಆದರೆ ಕರೆಂಟು ಎಲ್ಲಿಂದ ಕೊಳ್ಳಬೇಕು, ಮನೆ ಹೇಗೆ ಕಟ್ಟಬೇಕು, ಬಸ್ ಎಷ್ಟು ಓಡಬೇಕು ಅನ್ನುವುದೆಲ್ಲ ಬಹಳಷ್ಟು ಕಡೆ ರಾಜ್ಯದ ಮಟ್ಟದಲ್ಲೇ ತೀರ್ಮಾನವಾಗುವ ವಿಷಯ. ಹಾಗಾಗಿ ಒಂದು ರಾಜ್ಯ ತನ್ನ ಕೈಯಲ್ಲಿರುವಷ್ಟರಲ್ಲಿ ಏನು ಮಾಡಬಹುದು ಅಂತ ನೋಡುವುದಕ್ಕೆ ಕ್ಯಾಲಿಫೋರ್ನಿಯಾದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸರಿ ಹೋಗಿದ್ದೂ ಅಲ್ಲಿದೆ, ಎಡವಿದ್ದೂ ಅಲ್ಲಿದೆ.

ಅನಾನಸ್ ವಾಸನೆಯಿಂದ ಶುರು

ಎರಡನೇ ಮಹಾಯುದ್ಧದ ಹೊತ್ತಿಗೆ ಲಾಸ್ ಏಂಜಲೀಸ್ ನಗರಕ್ಕೆ ಕಣ್ಣುರಿಸುವ ಮಬ್ಬು ಕವಿಯತೊಡಗಿತ್ತು. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿನ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಆರೀ ಹಾಗೆನ್-ಸ್ಮಿಟ್ ಅನ್ನುವ ಡಚ್ ಮೂಲದ ರಸಾಯನ ವಿಜ್ಞಾನಿ ಇದ್ದರು. ಅನಾನಸ್ ಹಣ್ಣಿಗೆ ಆ ಘಮ ಎಲ್ಲಿಂದ ಬರುತ್ತದೆ ಅಂತ ಸಂಶೋಧನೆ ಮಾಡುತ್ತಿದ್ದವರು. ಅದೇ ಉಪಕರಣಗಳನ್ನು ಊರಿನ ಗಾಳಿಯ ಕಡೆ ತಿರುಗಿಸಿದರು. ಕಾರು ಮತ್ತು ರಿಫೈನರಿಗಳಿಂದ ಬರುವ ಆವಿ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತಿದೆ ಅನ್ನುವುದನ್ನು 1950ರ ಆಚೀಚೆ ತೋರಿಸಿಕೊಟ್ಟರು. ಕಾರು ಕಂಪನಿಗಳೂ ತೈಲ ಕಂಪನಿಗಳೂ ಇದನ್ನು ಸುಲಭಕ್ಕೆ ಒಪ್ಪಲಿಲ್ಲ.

1967ರಲ್ಲಿ, ಆಗಿನ್ನೂ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆಯಿಂದ ಏರ್ ರಿಸೋರ್ಸಸ್ ಬೋರ್ಡ್ ಅನ್ನುವ, ಗಾಳಿಯ ಮಾಲಿನ್ಯ ನಿಯಂತ್ರಿಸುವ ರಾಜ್ಯದ ಮಂಡಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಇದೇ ಹಾಗೆನ್-ಸ್ಮಿಟ್. ಗಾಳಿಯ ಮಾಲಿನ್ಯಕ್ಕೆ ನಿಯಮ ಮಾಡುವುದರಲ್ಲಿ ಕ್ಯಾಲಿಫೋರ್ನಿಯಾ ಆಗಲೇ ಮುಂದಿದ್ದುದರಿಂದ, ವಾಹನದ ಹೊಗೆಗೆ ತನ್ನದೇ ಬಿಗಿ ನಿಯಮ ಮಾಡಿಕೊಳ್ಳಲು ಕೇಂದ್ರದ ಕಾನೂನು ಅದೊಂದೇ ರಾಜ್ಯಕ್ಕೆ ವಿನಾಯಿತಿ ಕೊಟ್ಟಿತು. ಆದರೆ ಪ್ರತಿಸಲವೂ ಕೇಂದ್ರದ ಒಪ್ಪಿಗೆ ಪಡೆಯಬೇಕು.

ಇಲ್ಲೊಂದು ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ವಾಹನದ ನಿಯಮಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಕೇಂದ್ರ ಅದನ್ನು ಕಿತ್ತುಕೊಳ್ಳಬಹುದು. 2025ರ ಜೂನ್‌ನಲ್ಲಿ ಆದದ್ದೇ ಅದು: 2035ಕ್ಕೆ ಹೊಸ ಪೆಟ್ರೋಲ್ ಕಾರುಗಳ ಮಾರಾಟ ನಿಲ್ಲಿಸುವ ನಿಯಮಕ್ಕಿದ್ದ ಒಪ್ಪಿಗೆಯನ್ನು ಅಮೆರಿಕದ ಸಂಸತ್ತು ಮತ್ತು ಅಧ್ಯಕ್ಷರು ಸೇರಿ ರದ್ದು ಮಾಡಿದರು. ಇದರ ವಿರುದ್ಧ ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಗಿದೆ. ಆದರೆ ತನ್ನ ಗಡಿಯೊಳಗಿನ ಕಾರ್ಖಾನೆಗಳ ಹೊಗೆಗೆ ಮಿತಿ ಹಾಕುವುದಕ್ಕೆ ಈ ಒಪ್ಪಿಗೆ ಬೇಕಿಲ್ಲ. ಅದು ರಾಜ್ಯದ ಸ್ವಂತ ಅಧಿಕಾರ. 2006ರಲ್ಲಿ ರಿಪಬ್ಲಿಕನ್ ಗವರ್ನರ್ ಆರ್ನಾಲ್ಡ್ ಶ್ವಾರ್ಜನೆಗರ್ ಸಹಿ ಹಾಕಿದ ಕಾಯ್ದೆ ಇದೇ ಅಧಿಕಾರದ ಮೇಲೆ ನಿಂತದ್ದು. ಅದರ ಗುರಿ ಸರಳ: 2020ರ ಹೊತ್ತಿಗೆ ರಾಜ್ಯದ ಹಸಿರುಮನೆ ಅನಿಲಗಳ ಮೊತ್ತ 1990ರ ಮಟ್ಟಕ್ಕೆ, ಅಂದರೆ ವರ್ಷಕ್ಕೆ 43.1 ಕೋಟಿ ಟನ್ನಿಗೆ ಇಳಿಯಬೇಕು. ಹೇಗೆ ಇಳಿಸಬೇಕು ಅನ್ನುವುದನ್ನು ಬೋರ್ಡಿಗೆ ಬಿಟ್ಟರು.

ಟೊಮೇಟೊ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ

ಬೋರ್ಡ್ ಹಾಕಿಕೊಂಡ ಹಲವು ದಾರಿಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಕ್ಯಾಪ್ ಅಂಡ್ ಟ್ರೇಡ್, ಅಂದರೆ ಮಿತಿ ಮತ್ತು ವ್ಯಾಪಾರ. ಕೇಳಲು ಗೋಜಲು ಅನ್ನಿಸುತ್ತದೆ, ಆದರೆ ಒಳಗಿನ ಲೆಕ್ಕ ಹಾಗಿಲ್ಲ.

ಬೋರ್ಡ್ ಪ್ರತಿವರ್ಷ ಇಂತಿಷ್ಟು ಪರ್ಮಿಟ್ ಅಂತ ಹೊರಡಿಸುತ್ತದೆ. ಒಂದು ಪರ್ಮಿಟ್ ಇದ್ದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಬಿಡಬಹುದು. ಮೀಥೇನ್ ತರಹದ ಬೇರೆ ಅನಿಲಗಳನ್ನೂ ಕಾರ್ಬನ್ ಲೆಕ್ಕಕ್ಕೆ ಇಳಿಸಿಕೊಂಡು ಅಳೆಯುತ್ತಾರೆ. ವರ್ಷಕ್ಕೆ 25,000 ಟನ್ನಿಗಿಂತ ಹೆಚ್ಚು ಬಿಡುವ ಪ್ರತಿ ಘಟಕವೂ ತಾನು ಬಿಟ್ಟಷ್ಟು ಟನ್ನಿಗೆ ಅಷ್ಟು ಪರ್ಮಿಟ್‌ಗಳನ್ನು ಬೋರ್ಡಿಗೆ ವಾಪಸ್ ಒಪ್ಪಿಸಬೇಕು. ವರ್ಷದಿಂದ ವರ್ಷಕ್ಕೆ ಪರ್ಮಿಟ್‌ಗಳ ಸಂಖ್ಯೆ ಕಡಿಮೆ ಮಾಡುತ್ತಾ ಹೋಗುತ್ತಾರೆ. ಮಿತಿ ಅಂದರೆ ಇದೇ. ವ್ಯಾಪಾರ ಅಂದರೆ, ನಿಮ್ಮ ಹತ್ತಿರ ಮಿಕ್ಕಿದ್ದನ್ನು ಕಡಿಮೆ ಬಿದ್ದವರಿಗೆ ಮಾರಬಹುದು.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಫ್ರೆಸ್ನೋ ಹತ್ತಿರ ಒಂದು ಟೊಮೇಟೊ ಪೇಸ್ಟ್ ಕಾರ್ಖಾನೆ. (ನಗಬೇಡಿ. ಅಮೆರಿಕದ ಕೆಚಪ್, ಸಾಸ್‌ಗಳಿಗೆ ಹೋಗುವ ಟೊಮೇಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕ್ಯಾಲಿಫೋರ್ನಿಯಾದ್ದು. ಅದನ್ನು ಕುದಿಸಿ ಗಟ್ಟಿ ಮಾಡುವ ದೊಡ್ಡ ಕಾರ್ಖಾನೆಗಳು ನಿಜವಾಗಿಯೂ ಈ ಪಟ್ಟಿಯಲ್ಲಿವೆ.) ಇನ್ನೊಂದು ಸಿಮೆಂಟ್ ಕಾರ್ಖಾನೆ. ಇಬ್ಬರೂ ಸೇರಿ 5,000 ಟನ್ ಕಡಿಮೆ ಮಾಡಬೇಕಾಗಿದೆ ಅಂತಿಟ್ಟುಕೊಳ್ಳಿ. ಟೊಮೇಟೊದವರು ಹಳೇ ಬಾಯ್ಲರ್ ಬದಲಾಯಿಸಿದರೆ ಸಾಕು, ಟನ್ನಿಗೆ 20 ಡಾಲರ್ ಖರ್ಚು. ಸಿಮೆಂಟಿನವರದು ಕಷ್ಟ. ಸುಣ್ಣದ ಕಲ್ಲು ಕಾಯಿಸಿದಾಗ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಉರುವಲು ಬದಲಿಸಿದರೂ ಅದು ಹೋಗುವುದಿಲ್ಲ. ಅವರಿಗೆ ಟನ್ನಿಗೆ 80 ಡಾಲರ್ ಬೀಳುತ್ತದೆ. ಮಾರುಕಟ್ಟೆಯಲ್ಲಿ ಪರ್ಮಿಟ್ ಬೆಲೆ 30 ಡಾಲರ್.

ಆಗ ಏನಾಗುತ್ತದೆ? ಟೊಮೇಟೊದವರು ಒಂದು ಲಕ್ಷ ಡಾಲರ್ ಖರ್ಚು ಮಾಡಿ 5,000 ಟನ್ ಇಳಿಸುತ್ತಾರೆ. ಉಳಿದ ಪರ್ಮಿಟ್‌ಗಳನ್ನು ಒಂದೂವರೆ ಲಕ್ಷಕ್ಕೆ ಮಾರುತ್ತಾರೆ. ಸಿಮೆಂಟಿನವರು ನಾಲ್ಕು ಲಕ್ಷ ಖರ್ಚು ಮಾಡುವ ಬದಲು ಒಂದೂವರೆ ಲಕ್ಷ ಕೊಟ್ಟು ಪರ್ಮಿಟ್ ಕೊಳ್ಳುತ್ತಾರೆ. ಇಬ್ಬರಿಗೂ ಲಾಭ. ಗಾಳಿಗೆ ಸೇರಬೇಕಾಗಿದ್ದ 5,000 ಟನ್ ಸೇರಲಿಲ್ಲ. ಯಾರು ಇಳಿಸಬೇಕು ಅಂತ ಸರ್ಕಾರ ಹೇಳಲಿಲ್ಲ, ಒಟ್ಟು ಎಷ್ಟು ಅಂತ ಮಾತ್ರ ಹೇಳಿತು. ಎಲ್ಲಿ ಅಗ್ಗವೋ ಅಲ್ಲಿ ಮೊದಲು ಕಡಿತವಾಯಿತು.

ಇದು ಕಾಗದದ ಮೇಲಿನ ಲೆಕ್ಕ. ನಡೆಸಲು ಹೋದರೆ ಹತ್ತು ಪ್ರಶ್ನೆ ಏಳುತ್ತವೆ. ಬೆಲೆ ಕುಸಿದರೆ? ಹರಾಜಿನಲ್ಲಿ ಒಂದು ಕನಿಷ್ಠ ಬೆಲೆ ಇಟ್ಟಿದ್ದಾರೆ. 2012ರ ನವೆಂಬರ್‌ನಲ್ಲಿ ನಡೆದ ಮೊದಲ ಹರಾಜಿಗೆ ಅದು 10 ಡಾಲರ್, ಪರ್ಮಿಟ್ ಹೋಗಿದ್ದು 10.09ಕ್ಕೆ. ಹಣದುಬ್ಬರದ ಜೊತೆ ವರ್ಷಕ್ಕೆ 5% ಸೇರಿಸಿಕೊಂಡು ಈ ಕನಿಷ್ಠ ಬೆಲೆ ಏರುತ್ತದೆ. 2025ಕ್ಕೆ ಅದು 25.87 ಡಾಲರ್ ಆಗಿತ್ತು. ಒಪ್ಪಿಸದೆ ಕೈ ಎತ್ತಿದರೆ? ಒಂದು ಬಾಕಿಗೆ ನಾಲ್ಕು ಪರ್ಮಿಟ್ ಕಟ್ಟಬೇಕು.

ಕಾರು ಓಡಿಸುವವರು? ಪ್ರತಿ ಕಾರಿನ ಹಿಂದೆ ಮೀಟರ್ ಹಿಡಿದು ಹೋಗುವುದಕ್ಕೆ ಆಗುವುದಿಲ್ಲ ಅಲ್ವಾ. ಹಾಗಾಗಿ 2015ರಿಂದ ಪೆಟ್ರೋಲ್, ಡೀಸೆಲ್ ಮತ್ತು ಗ್ಯಾಸ್ ಪೂರೈಸುವ ದೊಡ್ಡ ಕಂಪನಿಗಳನ್ನೇ ಹಿಡಿದರು. ತಾವು ಮಾರಿದ ಇಂಧನ ಉರಿದಾಗ ಎಷ್ಟು ಹೊಗೆಯೋ ಅಷ್ಟಕ್ಕೆ ಅವರೇ ಪರ್ಮಿಟ್ ತೋರಿಸಬೇಕು. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲ್ ಉರಿದರೆ ಎಂಟು-ಒಂಬತ್ತು ಕಿಲೋ ಕಾರ್ಬನ್ ಡೈಆಕ್ಸೈಡ್. ಟನ್ನಿಗೆ 30 ಡಾಲರ್ ಅಂದರೆ ಬಂಕಿನಲ್ಲಿ ಗ್ಯಾಲನ್ನಿಗೆ ಕಾಲು ಡಾಲರ್ ಹತ್ತಿರ. ಕಂಪನಿ ಅದನ್ನು ಗಿರಾಕಿಯ ತಲೆಗೇ ಹಾಕುತ್ತದೆ. ಇದು ಮರೆಮಾಚುವ ವಿಷಯವೇನಲ್ಲ, ವ್ಯವಸ್ಥೆಯ ಉದ್ದೇಶವೇ ಅದು.

ಹೊರರಾಜ್ಯದಿಂದ ಬರುವ ಕರೆಂಟು? ಯೂಟಾದ ಕಲ್ಲಿದ್ದಲು ಸ್ಥಾವರದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಅಧಿಕಾರವಿಲ್ಲ. ಆದರೆ ಆ ಕರೆಂಟನ್ನು ರಾಜ್ಯದೊಳಗೆ ತರುವವರ ಮೇಲೆ ಇದೆ. ಹೀಗಾಗಿ ತರುವವರೇ ಪರ್ಮಿಟ್ ಕೊಡಬೇಕು. ಇದರಲ್ಲೊಂದು ಕಳ್ಳದಾರಿ ಉಂಟು. ಪಕ್ಕದ ರಾಜ್ಯದ ಕಂಪನಿ ತನ್ನ ಜಲವಿದ್ಯುತ್ತನ್ನು ಕ್ಯಾಲಿಫೋರ್ನಿಯಾಕ್ಕೆ ಮಾರಿ, ಕಲ್ಲಿದ್ದಲಿನದ್ದನ್ನು ತನ್ನ ಊರಿನವರಿಗೆ ಕೊಟ್ಟರೆ ಲೆಕ್ಕದಲ್ಲಿ ಹೊಗೆ ಇಳಿಯುತ್ತದೆ, ಗಾಳಿಯಲ್ಲಿ ಇಳಿಯುವುದಿಲ್ಲ. ನಿಯಮದಲ್ಲಿ ಇದಕ್ಕೆ ನಿಷೇಧವಿದೆ. ಪೂರ್ತಿ ತಡೆಯುವುದು ಮಾತ್ರ ಒಂದೇ ರಾಜ್ಯದ ಕೈಯಲ್ಲಿಲ್ಲ.

ಕೈಗಾರಿಕೆ ಗಂಟುಮೂಟೆ ಕಟ್ಟಿಕೊಂಡು ನೆವಾಡಾಕ್ಕೆ ಹೋದರೆ? ಈ ಭಯಕ್ಕೇ ಸಿಮೆಂಟ್, ರಿಫೈನರಿ ಮುಂತಾದವರಿಗೆ ಸಾಕಷ್ಟು ಪರ್ಮಿಟ್‌ಗಳನ್ನು ಬಿಟ್ಟಿ ಕೊಡುತ್ತಾರೆ. ಎಷ್ಟು ಉತ್ಪಾದನೆಯೋ ಅಷ್ಟಕ್ಕೆ ತಕ್ಕಂತೆ ಕೊಡುವುದರಿಂದ, ಹೊಗೆ ಇಳಿಸಿದವರಿಗೆ ಆಗಲೂ ಲಾಭ ಉಳಿಯುತ್ತದೆ ಅನ್ನುವುದು ಬೋರ್ಡಿನ ವಾದ. ತೈಲ ಕಂಪನಿಗಳಿಗೆ ಬಿಟ್ಟಿ ಕೊಡುವುದೇನು ಅನ್ನುವ ಸಿಟ್ಟು ಮಾತ್ರ ಇಂದಿಗೂ ಆರಿಲ್ಲ.

ಹೊಗೆ ಇಳಿದದ್ದು ಹೌದು, ಆದರೆ ಯಾವುದರಿಂದ?

2020ರ ಗುರಿಯನ್ನು ರಾಜ್ಯ 2016ರಲ್ಲೇ, ನಾಲ್ಕು ವರ್ಷ ಮೊದಲೇ ಮುಟ್ಟಿತು. 2022ರಲ್ಲಿ ಮೊತ್ತ ಸುಮಾರು 37.1 ಕೋಟಿ ಟನ್. ಈ ಅವಧಿಯಲ್ಲಿ ಆರ್ಥಿಕತೆ ಕುಗ್ಗಲಿಲ್ಲ, ಬೆಳೆಯಿತು. ಇದಕ್ಕೆಲ್ಲ ಮಾರುಕಟ್ಟೆಯೇ ಕಾರಣ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಮೊದಲ ವರ್ಷಗಳಲ್ಲಿ ಪರ್ಮಿಟ್ ಬೆಲೆ ಕನಿಷ್ಠದ ಪಕ್ಕದಲ್ಲೇ ಸುತ್ತಾಡುತ್ತಿತ್ತು. ಅಂದರೆ ಬೇಕಾದಷ್ಟು ಪರ್ಮಿಟ್ ಇತ್ತು, ಯಾರಿಗೂ ಬಿಸಿ ತಟ್ಟಿರಲಿಲ್ಲ. ಹೊಗೆ ನಿಜವಾಗಿ ಇಳಿದದ್ದು ಕರೆಂಟಿನಲ್ಲಿ. ಅಲ್ಲಿ ಕೆಲಸ ಮಾಡಿದ್ದು ಸಪ್ಪೆ ನಿಯಮಗಳು. ಕರೆಂಟ್ ಕಂಪನಿಗಳು ಇಷ್ಟು ಪಾಲು ಸೌರ, ಪವನ ವಿದ್ಯುತ್ ಕೊಳ್ಳಲೇಬೇಕು ಅಂತ 2002ರಲ್ಲೇ ಕಾಯ್ದೆ ಬಂದಿತ್ತು. ಗುರಿಯನ್ನು ಮತ್ತೆ ಮತ್ತೆ ಏರಿಸಿ, 2018ರ ಕಾಯ್ದೆಯಲ್ಲಿ 2030ಕ್ಕೆ 60%, 2045ಕ್ಕೆ ಪೂರ್ತಿ ಶುದ್ಧ ವಿದ್ಯುತ್ ಅಂತ ಇಟ್ಟರು. 2006ರ ಇನ್ನೊಂದು ಕಾಯ್ದೆ ಕಲ್ಲಿದ್ದಲು ಸ್ಥಾವರಗಳ ಜೊತೆ ಹೊಸ ದೀರ್ಘಾವಧಿ ಒಪ್ಪಂದಕ್ಕೆ ಬಾಗಿಲು ಹಾಕಿತು. ಫ್ರಿಜ್ಜು, ಏಸಿ, ಕಟ್ಟಡಗಳಿಗೆ 1970ರ ದಶಕದಿಂದಲೇ ಮಿತವ್ಯಯದ ನಿಯಮಗಳಿದ್ದವು. 2020ರಿಂದ ಹೊಸ ಮನೆಗಳಿಗೆ ಸೋಲಾರ್ ಪ್ಯಾನೆಲ್ ಕಡ್ಡಾಯ.

ಹಾಗಾದರೆ ಮಾರುಕಟ್ಟೆ ದಂಡವೇ? ಇಲ್ಲ. ನಿಯಮಗಳು ಅಂದುಕೊಂಡಷ್ಟು ಕೆಲಸ ಮಾಡದಿದ್ದರೆ ಪರ್ಮಿಟ್‌ಗೆ ಬೇಡಿಕೆ ಏರುತ್ತದೆ, ಬೆಲೆ ಏರುತ್ತದೆ, ಆಗ ಅದು ಹಿಡಿಯುತ್ತದೆ. ಬೋರ್ಡೂ ಅದನ್ನು ಹಾಗೇ ಯೋಜಿಸಿತ್ತು: ಮುಂದೆ ನಿಯಮಗಳು, ಹಿಂದೆ ಆಧಾರಕ್ಕೆ ಮಿತಿ. ಇನ್ನೊಂದು, ನನ್ನ ಪ್ರಕಾರ ಇನ್ನೂ ದೊಡ್ಡದು, ಮಾರುಕಟ್ಟೆ ದುಡ್ಡು ತಂದುಕೊಟ್ಟಿತು. ಅದಕ್ಕೆ ಆಮೇಲೆ ಬರುತ್ತೇನೆ.

ಎಡವಿದ ಕಡೆಗಳನ್ನೂ ಹೇಳಬೇಕು. ಕಂಪನಿಗಳು ತಮ್ಮ ಬಾಧ್ಯತೆಯ ಒಂದು ಸಣ್ಣ ಭಾಗವನ್ನು ಪರ್ಮಿಟ್ ಬದಲು ಆಫ್‌ಸೆಟ್ ಕೊಟ್ಟು ತೀರಿಸಬಹುದು. ಮೊದಲು 8% ತನಕ ಬಿಟ್ಟಿದ್ದರು, 2021ರಿಂದ 2025ರ ತನಕ 4%ಗೆ ಇಳಿಸಿದ್ದರು. ಆಫ್‌ಸೆಟ್ ಅಂದರೆ ಬೇರೆಲ್ಲೋ ಯಾರೋ ಕಾರ್ಬನ್ ಉಳಿಸಿದ್ದಕ್ಕೆ ಸಿಗುವ ಚೀಟಿ. ಇವುಗಳಲ್ಲಿ ಹೆಚ್ಚಿನವು ಕಾಡಿನವು: ಈ ಮರಗಳನ್ನು ನೂರು ವರ್ಷ ಉಳಿಸುತ್ತೇವೆ ಅನ್ನುವ ಭರವಸೆಯ ಮೇಲೆ ಕೊಟ್ಟವು. 2021ರ ಬೇಸಿಗೆಯಲ್ಲಿ ಒರೆಗಾನ್ ರಾಜ್ಯದಲ್ಲಿ ಬೂಟ್‌ಲೆಗ್ ಅನ್ನುವ ಕಾಳ್ಗಿಚ್ಚು ಎದ್ದಿತು. ಆಫ್‌ಸೆಟ್ ಚೀಟಿ ಕೊಟ್ಟಾಗಿದ್ದ ಕಾಡೇ ಅದರಲ್ಲಿ ಸುಟ್ಟಿತು. ಇಂಥದಕ್ಕೆಂದೇ ಪ್ರತಿ ಯೋಜನೆಯಿಂದ ಒಂದಿಷ್ಟು ಚೀಟಿ ತೆಗೆದು ವಿಮೆಯ ಹಾಗೆ ಇಟ್ಟಿರುತ್ತಾರೆ. ಕಾಳ್ಗಿಚ್ಚುಗಳು ಈ ಪರಿ ಹೆಚ್ಚಿದರೆ ಆ ಗಂಟು ಎಷ್ಟು ದಿನ ಬಂದೀತು ಅನ್ನುವುದೇ ಪ್ರಶ್ನೆ. ಕಡಿಯುವ ಉದ್ದೇಶವೇ ಇಲ್ಲದ ಕಾಡಿಗೂ ಚೀಟಿ ಸಿಕ್ಕಿದೆ ಅನ್ನುವ ಟೀಕೆಯೂ ಇದೆ.

ಇದಕ್ಕಿಂತ ನೋವಿನ ದೂರು ರಿಚ್‌ಮಂಡ್, ವಿಲ್ಮಿಂಗ್ಟನ್ ತರಹದ ಊರುಗಳದ್ದು. ರಿಚ್‌ಮಂಡ್ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಕ್ಕದಲ್ಲಿದೆ, ಬಡವರು ಹೆಚ್ಚಿರುವ ಊರು. 2012ರ ಆಗಸ್ಟ್‌ನಲ್ಲಿ ಅಲ್ಲಿನ ರಿಫೈನರಿಗೆ ಬೆಂಕಿ ಬಿದ್ದಾಗ ಸುಮಾರು 15,000 ಜನ ಆಸ್ಪತ್ರೆ, ವೈದ್ಯರ ಕಡೆ ಓಡಿದ್ದರು. ಕಾರ್ಬನ್ ಡೈಆಕ್ಸೈಡ್ ಎಲ್ಲಿ ಇಳಿದರೂ ಭೂಮಿಗೆ ಒಂದೇ, ನಿಜ. ಆದರೆ ಚಿಮಣಿಯಿಂದ ಅದೊಂದೇ ಬರುವುದಿಲ್ಲ. ಜೊತೆಗೆ ದೂಳು, ಗಂಧಕದ ಆವಿ ಬರುತ್ತವೆ. ರಿಫೈನರಿ ಪರ್ಮಿಟ್ ಕೊಂಡು ಮೊದಲಿನ ಹಾಗೇ ಉರಿಸಿದರೆ, ಆ ಬೀದಿಯ ಮಗುವಿಗೆ ಫ್ರೆಸ್ನೋದ ಬಾಯ್ಲರ್‌ನಿಂದ ಏನು ಸಿಕ್ಕಿತು? ಸಂಶೋಧಕರ ಅಧ್ಯಯನಗಳು ಇಲ್ಲಿ ಒಂದೇ ಮಾತು ಹೇಳುವುದಿಲ್ಲ. ಇಂಥ ಊರುಗಳ ಗಾಳಿಗೂ ಉಳಿದ ಊರುಗಳ ಗಾಳಿಗೂ ಇರುವ ಅಂತರ ಹೆಚ್ಚಿತು ಅಂತ ಕೆಲವು ಅಂದರೆ ಕೆಲವು ಕಡಿಮೆಯಾಯಿತು ಅನ್ನುತ್ತವೆ. ಆದರೂ ಆ ಜನರ ಒತ್ತಾಯದಿಂದಲೇ 2017ರಲ್ಲಿ ಊರೂರಿನ ಗಾಳಿ ಅಳೆದು ಕ್ರಮ ತೆಗೆದುಕೊಳ್ಳುವ ಬೇರೆ ಕಾಯ್ದೆ ಬಂತು.

ಅಂದ ಹಾಗೆ, ಇಂಥ ಮಾರುಕಟ್ಟೆಯನ್ನು ದೂಳಿಗೇ ಅನ್ವಯಿಸಿ ನೋಡಿದ್ದು ನಮ್ಮ ಗುಜರಾತ್. ಸೂರತ್ತಿನ ಕಾರ್ಖಾನೆಗಳಿಗೆ 2019ರಲ್ಲಿ ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ ದೂಳಿನ ಪರ್ಮಿಟ್ ಶುರು ಮಾಡಿತು. ದೂಳಿನ ಮಟ್ಟಿಗೆ ಜಗತ್ತಿನಲ್ಲೇ ಅದು ಮೊದಲನೆಯದು.

ದುಡ್ಡು ಹೋಗುವ ದಾರಿ

ಹರಾಜಿನ ದುಡ್ಡು ಎರಡು ಕಡೆ ಹರಿಯುತ್ತದೆ. ಕರೆಂಟ್ ಕಂಪನಿಗಳಿಗೆ ಒಂದಷ್ಟು ಪರ್ಮಿಟ್ ಬಿಟ್ಟಿ ಸಿಗುತ್ತದೆ. ಖಾಸಗಿ ಕಂಪನಿಗಳು ಅದನ್ನು ಹರಾಜಿಗೆ ಹಾಕಲೇಬೇಕು, ಬಂದದ್ದನ್ನು ಗಿರಾಕಿಗಳ ಹಿತಕ್ಕೇ ಬಳಸಬೇಕು. ಬಿಲ್ಲಿನ ಮೈನಸ್ ಸಾಲು ಬರುವುದು ಅಲ್ಲಿಂದ. ಉರಿಸಿದ ಯೂನಿಟ್‌ಗೆ ತಕ್ಕಂತೆ ಅಲ್ಲ, ಒಂದು ಕಂಪನಿಯ ಗಿರಾಕಿಗಳಲ್ಲಿ ಪ್ರತಿ ಮನೆಗೂ ಸಮ. ಹಾಗಾಗಿ ಏಸಿ ಜಾಸ್ತಿ ಹಾಕುವವರಿಗೆ ಕರೆಂಟು ದುಬಾರಿ ಅನ್ನುವ ಬಿಸಿ ಹಾಗೇ ಉಳಿಯುತ್ತದೆ, ಸಣ್ಣ ಮನೆಯವರಿಗೆ ಲಾಭವೂ ಆಗುತ್ತದೆ.

ಸರ್ಕಾರವೇ ಮಾರುವ ಪರ್ಮಿಟ್‌ಗಳ ದುಡ್ಡು ಒಂದು ಪ್ರತ್ಯೇಕ ನಿಧಿಗೆ ಹೋಗುತ್ತದೆ. 2014ರಲ್ಲಿ ಅದರ 60%ಗೆ ಕಾಯಂ ವಿಳಾಸ ಬರೆದರು: 25% ಹೈಸ್ಪೀಡ್ ರೈಲಿಗೆ, 20% ಬಸ್ಸು-ರೈಲಿನ ಹತ್ತಿರ ಕಟ್ಟುವ ಕೈಗೆಟುಕುವ ಮನೆ ಮುಂತಾದವಕ್ಕೆ, ಉಳಿದದ್ದು ಬಸ್ಸು, ರೈಲುಗಳಿಗೆ. (2008ರಲ್ಲಿ ಮತದಾರರು ಒಪ್ಪಿದ ಆ ಹೈಸ್ಪೀಡ್ ರೈಲು ಇನ್ನೂ ಒಬ್ಬ ಪ್ರಯಾಣಿಕರನ್ನೂ ಹತ್ತಿಸಿಕೊಂಡಿಲ್ಲ. ಹೊಗೆ ಇಳಿಸುವ ನಿಧಿಯ ಕಾಲು ಭಾಗ ಅಲ್ಲಿಗೆ ಹೋದದ್ದು ಸರಿಯೇ ಅಂತ ಕೇಳುವವರನ್ನು ತಪ್ಪು ಅನ್ನಲಾರೆ.) 2012ರ ಕಾಯ್ದೆಯ ಪ್ರಕಾರ ನಿಧಿಯಲ್ಲಿ ಕನಿಷ್ಠ 25% ಮಾಲಿನ್ಯ ಮತ್ತು ಬಡತನ ಎರಡೂ ಇರುವ ಬಡಾವಣೆಗಳಿಗೆ ಅನುಕೂಲವಾಗಬೇಕು.

ಇದರಿಂದ ಒಂದು ರಾಜಕೀಯ ಲಾಭವಾಯಿತು. ಮಿತಿಯನ್ನು ರದ್ದು ಮಾಡಿ ಅಂತ ಯಾರಾದರೂ ಹೊರಟರೆ, ಬಸ್ ನಿಗಮ, ಮನೆ ಕಟ್ಟುವ ಸಂಸ್ಥೆ, ಕಟ್ಟಡ ಕಾರ್ಮಿಕರ ಸಂಘ ಎಲ್ಲರೂ ಎದ್ದು ನಿಲ್ಲುತ್ತಾರೆ. ಹವಾಮಾನದ ಕಾಳಜಿಯಿಂದಲೇ ಅಂತಲ್ಲ, ತಮ್ಮ ಬಜೆಟ್ಟಿಗೋಸ್ಕರ.

ಈ ಬೆಂಬಲ ಬೇಕಾಗಿ ಬಂದದ್ದು ಒಂದೆರಡು ಸಲವಲ್ಲ. 2010ರಲ್ಲಿ, ನಿರುದ್ಯೋಗ 5.5%ಗಿಂತ ಕೆಳಗಿಳಿಯುವ ತನಕ 2006ರ ಕಾಯ್ದೆಯನ್ನು ತಡೆಹಿಡಿಯಬೇಕು ಅಂತ ಜನಮತಕ್ಕೆ ಇಟ್ಟರು. ದುಡ್ಡು ಸುರಿದವರಲ್ಲಿ ಮುಂದಿದ್ದದ್ದು ಟೆಕ್ಸಸ್ಸಿನ ತೈಲ ಕಂಪನಿಗಳು. ಹತ್ತರಲ್ಲಿ ಆರು ಮತದಾರರು ಬೇಡ ಅಂದರು. ಆಮೇಲೆ ಹರಾಜು ಅಂದರೆ ತೆರಿಗೆಯೇ ಅಂತ ವ್ಯಾಪಾರಸ್ಥರು ಕೋರ್ಟಿಗೆ ಹೋದರು. 2020ರ ಆಚೆ ಈ ವ್ಯವಸ್ಥೆ ಇರುತ್ತದೋ ಇಲ್ಲವೋ ಅನ್ನುವ ಅನುಮಾನವೂ ಸೇರಿ, 2016ರ ಮೇ ಹರಾಜಿನಲ್ಲಿ ಇಟ್ಟ ಪರ್ಮಿಟ್‌ಗಳಲ್ಲಿ ಹತ್ತಿರ ಹತ್ತಿರ 11% ಮಾತ್ರ ಮಾರಾಟವಾದವು. ನಾಳೆ ಬೆಲೆಯಿಲ್ಲದ ಚೀಟಿಯನ್ನು ಇವತ್ತು ಯಾರು ಕೊಳ್ಳುತ್ತಾರೆ? 2017ರಲ್ಲಿ ಕೋರ್ಟು ಅದು ತೆರಿಗೆಯಲ್ಲ ಅಂದಿತು. ಅದೇ ಜುಲೈನಲ್ಲಿ ಶಾಸನಸಭೆ ಮೂರನೇ ಎರಡು ಬಹುಮತದಿಂದ, ಕೆಲವು ರಿಪಬ್ಲಿಕನ್ನರ ಮತವೂ ಸೇರಿ, 2030ರ ತನಕ ವಿಸ್ತರಿಸಿತು. ಬೆಲೆ ಚೇತರಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ 41.76 ಡಾಲರ್ ಮುಟ್ಟಿತ್ತು.

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಕೆನಡಾದ್ದೇ ಇನ್ನೊಂದು ಪ್ರಾಂತ್ಯ ಕ್ವಿಬೆಕ್ 2014ರಲ್ಲೇ ಕ್ಯಾಲಿಫೋರ್ನಿಯಾದ ಮಾರುಕಟ್ಟೆಗೆ ಸೇರಿ ಇಂದಿಗೂ ಜೊತೆಗಿದೆ. ಒಂಟಾರಿಯೋ 2018ರ ಜನವರಿಯಲ್ಲಿ ಸೇರಿತು. ಜೂನ್‌ನಲ್ಲಿ ಚುನಾವಣೆ, ಈ ವ್ಯವಸ್ಥೆ ಬೇಡ ಅನ್ನುತ್ತಿದ್ದ ಡಗ್ ಫೋರ್ಡ್ ಗೆದ್ದರು, ಜುಲೈನಲ್ಲಿ ವ್ಯವಸ್ಥೆಯೇ ರದ್ದು. ದುಡ್ಡಿನ ರುಚಿ ಯಾರಿಗೂ ಹತ್ತುವ ಮೊದಲೇ ಮುಗಿದುಹೋಯಿತು.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶವೊಂದು ರಾಜ್ಯಗಳ ಇಂಥ ಕಾಯ್ದೆಗಳನ್ನು ತಡೆಯಬೇಕು ಅಂತ ಹೇಳಿ, ಕ್ಯಾಲಿಫೋರ್ನಿಯಾದ ಮಾರುಕಟ್ಟೆಯನ್ನು ಹೆಸರಿಸಿಯೇ ಟೀಕಿಸಿತು. ಮೇ ಹರಾಜಿನಲ್ಲಿ ಬೆಲೆ ಕನಿಷ್ಠಕ್ಕೇ ಬಂದು ನಿಂತಿತು. ಸೆಪ್ಟೆಂಬರ್‌ನಲ್ಲಿ ರಾಜ್ಯದ ಶಾಸನಸಭೆ ಇದನ್ನು 2045ರ ತನಕ ವಿಸ್ತರಿಸಿತು. ಹೆಸರನ್ನು ಕ್ಯಾಪ್ ಅಂಡ್ ಇನ್ವೆಸ್ಟ್ ಅಂತ ಬದಲಾಯಿಸಿತು, ಹೈಸ್ಪೀಡ್ ರೈಲಿಗೆ ವರ್ಷಕ್ಕೆ ನೂರು ಕೋಟಿ ಡಾಲರ್ ಎತ್ತಿಟ್ಟಿತು. ಮನೆಗಳಿಗೆ ಬರುವ ಕ್ರೆಡಿಟ್ಟನ್ನು ಕರೆಂಟ್ ಬಿಲ್ ಜಾಸ್ತಿ ಬರುವ ತಿಂಗಳುಗಳ ಕಡೆ ಸರಿಸಲು ಹೇಳಿತು.

ಮುಂದಿನ ಹಾದಿ ಕಡಿದು. 2030ಕ್ಕೆ 1990ರ ಮಟ್ಟಕ್ಕಿಂತ 40% ಕೆಳಗೆ ಅನ್ನುವುದು 2016ರ ಕಾಯ್ದೆ, ಅಂದರೆ ಸುಮಾರು 26 ಕೋಟಿ ಟನ್. 2022ರ 37 ಕೋಟಿಯಿಂದ ಎಂಟೇ ವರ್ಷದಲ್ಲಿ ಅಲ್ಲಿಗೆ ಬರಬೇಕಿತ್ತು. ಕರೆಂಟಿನಲ್ಲಿ ಸುಲಭದ್ದು ಮುಗಿದಿದೆ. ಉಳಿದದ್ದರಲ್ಲಿ ದೊಡ್ಡ ಪಾಲು, ಹತ್ತರಲ್ಲಿ ನಾಲ್ಕರಷ್ಟು, ವಾಹನಗಳದ್ದು. ಅದರ ನಿಯಮ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ. ಹಿಂದೆ ಆಧಾರಕ್ಕೆ ಅಂತ ಇಟ್ಟ ಮಿತಿಯೇ ಈಗ ಮುಂದೆ ಬಂದು ಭಾರ ಹೊರಬೇಕಾಗಬಹುದು. ಹಾಗಾದರೆ ಪರ್ಮಿಟ್ ಬೆಲೆ ಏರಬೇಕು, ಬಂಕಿನಲ್ಲಿ ಪೆಟ್ರೋಲ್ ಬೆಲೆಯೂ ಏರಬೇಕು. ಅಮೆರಿಕದಲ್ಲಿ ಪೆಟ್ರೋಲ್ ಅತಿ ದುಬಾರಿಯಾಗಿರುವ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಈಗಾಗಲೇ ಮುಂಚೂಣಿಯಲ್ಲಿದೆ.

ಉತ್ತರದ ವಾಷಿಂಗ್ಟನ್ ರಾಜ್ಯ 2023ರಲ್ಲಿ ಇಂಥದೇ ಮಾರುಕಟ್ಟೆ ತೆರೆಯಿತು. ಪೆಟ್ರೋಲ್ ಬೆಲೆ ಏರಿತು ಅಂತ ಗಲಾಟೆ ಎದ್ದು, ರದ್ದು ಮಾಡುವ ಪ್ರಸ್ತಾವ 2024ರ ನವೆಂಬರ್‌ನಲ್ಲಿ ಮತಕ್ಕೆ ಬಂತು. ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಜನ ರದ್ದು ಬೇಡ ಅಂದರು. ಈಗ ಆ ರಾಜ್ಯ ಕ್ಯಾಲಿಫೋರ್ನಿಯಾ ಮತ್ತು ಕ್ವಿಬೆಕ್ ಜೊತೆ ಒಂದೇ ಮಾರುಕಟ್ಟೆಯಾಗುವ ಮಾತುಕತೆಗೆ ಇಳಿದಿದೆ.